ಗೋಡೆಗೆ ಮುಂಚಿನ ಚೌಕಾಬಾರ

ಹುಣಸೆ ಬೀಜ ಕೈಗೆ ಸಿಕ್ಕರೆ ನನಗೆ ಬಿಸಾಡಲು ಮನಸ್ಸು ಬರುವುದಿಲ್ಲ. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಬೆರಳಿಗೆ ತಾಕಿದ ಬೀಜವನ್ನು ತೊಳೆದು, ಒರೆಸಿ, ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಡುತ್ತೇನೆ. ಸಂಜೆ ಶಾಲೆಯಿಂದ ಬಂದು ಚಹಾ ಕುಡಿಯುತ್ತ, ಹಿತ್ತಲ ಬಾಗಿಲ ಫರಸಿಕಲ್ಲಿಗೆ ಅದರ ಒಂದು ಮಗ್ಗುಲನ್ನು ತಿಕ್ಕುತ್ತ ಕೂಡುತ್ತೇನೆ. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವವರೆಗೂ ನನಗೆ ಸಮಾಧಾನವಿಲ್ಲ. ಯಾದಗಿರಿಯ ನಮ್ಮ ಓಣಿಯಲ್ಲಿ ನಾನು ಟೀಚರಮ್ಮ, ತಕ್ಕಮಟ್ಟಿಗೆ ಮರ್ಯಾದೆ ಇದೆ. ಆ ಮರ್ಯಾದೆಯೆಲ್ಲ ಈ ಹೊತ್ತಿನಲ್ಲಿ ಕರಗಿಹೋಗುತ್ತದೆ.

"ಯಾರ ಜೋಡಿ ಆಡಾಕ ಇಷ್ಟೆಲ್ಲಾ ತಯಾರಿ?" ಎಂದು ನಮ್ಮ ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಡುವವರು ಯಾರೂ ಇಲ್ಲ. ಹಬ್ಬಕ್ಕೆ ಬಂದ ಮಕ್ಕಳು ಮೊಬೈಲಿನಲ್ಲಿ ಲೂಡೋ ಆಡುತ್ತಾರೆ, ಒಂದೇ ಮಂಚದ ಮೇಲೆ ಸಾಲಾಗಿ ಕೂತು, ಸದ್ದಿಲ್ಲದೆ ಗೆದ್ದು ಸದ್ದಿಲ್ಲದೆ ಸೋಲುತ್ತಾರೆ. ಸೋತ ಹುಡುಗಿ ಅಳುವುದಿಲ್ಲ, ಗೆದ್ದವನು ಕುಣಿಯುವುದಿಲ್ಲ. ಅದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಆಟವೆಂದರೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ ಆಗಬೇಕು ಎಂದು ನಂಬಿಕೊಂಡು ಬೆಳೆದವಳು ನಾನು. ಅದಕ್ಕೆ ಕಾರಣ ನನ್ನ ಅವ್ವನ ತವರುಮನೆ, ಮುಖ್ಯವಾಗಿ ಅಲ್ಲಿಯ ಒಂದು ಪಂಚಮಿ.

ಆ ಊರು ಶಹಾಪುರದಿಂದ ಗೋಗಿಯ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದಿಷ್ಟು ನಡೆದರೆ ಸಿಗುತ್ತದೆ. ಅವ್ವನನ್ನು ಯಾದಗಿರಿಯ ಕಚೇರಿ ಗುಮಾಸ್ತರಿಗೆ, ಅಂದರೆ ನಮ್ಮಪ್ಪನಿಗೆ, ಕೊಟ್ಟಿದ್ದರು. ನಾಗರ ಪಂಚಮಿ ಹತ್ತಿರ ಬಂತೆಂದರೆ ಅವ್ವನ ಕಣ್ಣು ಬಾಗಿಲ ಕಡೆಗೇ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಯಲು ಅಣ್ಣತಮ್ಮಂದಿರು ಬರಬೇಕು. ಕರೆಯಲು ಬಂದರೆ ತವರಿದೆ ಎಂದರ್ಥ. ಯಾರೂ ಬರದಿದ್ದರೆ ತಾನಾಗಿ ಚೀಲ ಹಿಡಿದು ಹೋಗುವಂತಿಲ್ಲ, ಓಣಿಯ ಹೆಂಗಸರು ನೀರಿನ ನಲ್ಲಿಯ ಹತ್ತಿರ ಕೇಳುವ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ. ಅವ್ವನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ನನಗೆ ಅವರು ದೊಡ್ಡಮಾವ, ಸಣ್ಣಮಾವ. ಪ್ರತಿ ವರ್ಷ ಇಬ್ಬರಲ್ಲಿ ಒಬ್ಬರು ಬಂದೇ ಬರುತ್ತಿದ್ದರು.

ಆ ಮನೆಯಲ್ಲಿ ಹಬ್ಬವೆಂದರೆ ಊಟಕ್ಕಿಂತ ಆಟ ಹೆಚ್ಚು. ಉಂಡಿ ಕಟ್ಟಿ ಡಬ್ಬಿ ತುಂಬುತ್ತಿದ್ದವಳು ಆಯಿ, ಅಂದರೆ ಅವ್ವನ ಅವ್ವ. ಆದರೆ ಒಗಟು ಬಿಡಿಸದೆ ಆ ಡಬ್ಬಿಯಿಂದ ಒಂದು ಉಂಡಿಯೂ ಹೊರಗೆ ಬರುತ್ತಿರಲಿಲ್ಲ. "ಗಿಡ ಇಲ್ಲದ ಕಾಯಿ, ಕಾಲಿಲ್ಲದ ಮನಿ ಮನಿ ತಿರುಗತದ, ಹಣ್ಣಾದ ಮ್ಯಾಲ ತಿನ್ನಾಕ ಬರಂಗಿಲ್ಲ. ಏನು ಹೇಳು?" ಎಂದು ಕೇಳುತ್ತಿದ್ದಳು. ನಾನು ಹಾಗಲಕಾಯಿಯಿಂದ ಹಿಡಿದು ಗುಡ್ಡದ ಸೀತಾಫಲದವರೆಗೆ ಎಲ್ಲ ಹೇಳಿ ಸೋಲುತ್ತಿದ್ದೆ. ಕೊನೆಗೆ ಅವಳೇ ನನ್ನ ತಲೆಗೊಂದು ಮೊಟಕಿ, "ಮುಂದ ಕಾಣಾಕತ್ತದಲ್ಲ, ಖೋಡಿ" ಎಂದು ಪಡಸಾಲೆಯ ಕಡೆ ಕೈ ತೋರಿಸುತ್ತಿದ್ದಳು. ಅಲ್ಲಿ ಚೌಕಾಬಾರದ ಕಾಯಿಗಳು ಬಿದ್ದಿರುತ್ತಿದ್ದವು. ಉತ್ತರ ಹೇಳಲಾರದ ದುಃಖದಲ್ಲೇ ತಿಂದ ಶೇಂಗಾ ಉಂಡಿಗಳ ರುಚಿ ಮಾತ್ರ ಕಡಿಮೆಯಾಗುತ್ತಿರಲಿಲ್ಲ.

ಆ ಮನೆಯ ಚೌಕಾಬಾರವನ್ನು ಸೀಮೆಸುಣ್ಣದಿಂದ ಬರೆಯಬೇಕಾಗಿರಲಿಲ್ಲ. ಪಡಸಾಲೆಗೆ ಕಲ್ಲು ಹಾಸಿದವರೇ ನಟ್ಟನಡುವಿನ ಫರಸಿಯಲ್ಲಿ ಉಳಿಯಿಂದ ಮನೆಗಳನ್ನು ಕೊರೆದುಬಿಟ್ಟಿದ್ದರು. ತಲೆಮಾರಿನಿಂದ ತಲೆಮಾರಿಗೆ ಕೂತು ಆಡಿದವರ ಬೆರಳು ತಾಗಿ ಗೆರೆಗಳು ನುಣುಪಾಗಿದ್ದವು. ಆಟ ನಿಮಗೆ ಗೊತ್ತೇ ಇರುತ್ತದೆ. ನಾಲ್ಕು ಹುಣಸೆ ಬೀಜ ಹಾಕುವುದು, ಬಿದ್ದಷ್ಟು ಕಾಯಿ ನಡೆಸುವುದು, ಎದುರಿನವರ ಕಾಯಿ ಸಿಕ್ಕರೆ ಕಡಿದು ಮನೆಗೆ ಕಳಿಸುವುದು, ಗುಣಾಕಾರದ ಗುರುತಿರುವ ಕಟ್ಟೆಯಲ್ಲಿ ಕೂತರೆ ಯಾರೂ ಕಡಿಯುವಂತಿಲ್ಲ, ನಡುವಿನ ಮನೆ ಮುಟ್ಟಿದರೆ ಕಾಯಿ ಹಣ್ಣು. ಆದರೆ ಆ ಮನೆಯಲ್ಲಿ ಹಬ್ಬದ ಆಟ ಯಾವಾಗಲೂ ಜೋಡಿ ಆಟ, ಎದುರುಬದುರು ಕೂತವರು ಜೋಡಿ. ಜೋಡಿ ಆಟಕ್ಕೆ ಬೇರೆಲ್ಲೂ ಇಲ್ಲದ ಒಂದು ಕಾನೂನಿತ್ತು. ಬೀಜ ಹಾಕಿದವರು ಯಾವ ಕಾಯಿ ನಡೆಸಲಿ ಎಂದು ತಮ್ಮ ಜೋಡಿಯನ್ನು ಬಾಯಿಬಿಟ್ಟು ಕೇಳಬೇಕು. ಅವರು ಹೇಳಿದ ಮೇಲೆ ನಡೆಸಬೇಕು. ಕೇಳದೆ ನಡೆಸಿದ ಕಾಯಿ ಹಿಂದಕ್ಕೆ. ಈ ಕಾನೂನು ತಂದವಳು ಆಯಿ, ಗಂಡುಮಕ್ಕಳಿಬ್ಬರೂ ಸಣ್ಣವರಿದ್ದಾಗ ಆಟದಲ್ಲಿ ಕೂದಲು ಕಿತ್ತಾಡುತ್ತಿದ್ದರಂತೆ.

ದೊಡ್ಡವರಾದ ಮೇಲೆ ಕಿತ್ತಾಡಲು ಕೂದಲು ಬೇಕಾಗಲಿಲ್ಲ, ಕಾಲುವೆ ಬಂತು.

ಕಾಲುವೆಗೆ ನಾನು ಬೈಯುವವಳಲ್ಲ. ಅದು ಬರುವ ಮೊದಲು ಆ ಎರೆಹೊಲದಲ್ಲಿ ಮಳೆ ನೋಡಿ ಜೋಳ, ತೊಗರಿ ಹಾಕುತ್ತಿದ್ದರು. ನೀರು ಬಂದ ಮೇಲೆ ಭತ್ತ ಕಂಡರು, ಹಬ್ಬಕ್ಕಲ್ಲದೆ ದಿನಾ ಅನ್ನ ಉಂಡರು. ಹೊಲ ಮಾತ್ರ ಆಗಲೇ ಪಾಲಾಗಿತ್ತು. ಮೇಲಿನದು ದೊಡ್ಡಮಾವನಿಗೆ, ಕೆಳಗಿನದು ಸಣ್ಣಮಾವನಿಗೆ. ಮಳೆಗೆ ಮೇಲು ಕೆಳಗು ಎಂಬುದಿಲ್ಲ, ಕಾಲುವೆಗಿದೆ. ತೂಬಿನಿಂದ ಬಿಟ್ಟ ನೀರು ಮೊದಲು ದೊಡ್ಡಮಾವನ ಹೊಲ ದಾಟಿಯೇ ತಮ್ಮನ ಹೊಲಕ್ಕೆ ಹೋಗಬೇಕು. ಪಾಳಿ ಮಾಡಿಕೊಂಡಿದ್ದರು, ಇಷ್ಟು ದಿನ ಅವನಿಗೆ, ಇಷ್ಟು ದಿನ ಇವನಿಗೆ. ಒಮ್ಮೆ ತಮ್ಮನ ಪಾಳಿಯಲ್ಲಿ ಅಣ್ಣನ ಒಡ್ಡು ಒಡೆದು ನೀರೆಲ್ಲ ಮೇಲಿನ ಭತ್ತದಲ್ಲೇ ನಿಂತಿತು. ತಾನಾಗಿ ಒಡೆಯಿತು ಎಂದ ಅಣ್ಣ, ಗುದ್ದಲಿಯಿಂದ ಒಡೆಯಿತು ಎಂದ ತಮ್ಮ. ತಮ್ಮನ ಸಸಿ ಸುಟ್ಟುಹೋಯಿತು. ಅಂದಿನಿಂದ ಇಬ್ಬರ ನಡುವೆ ಮಾತು ಬಂದ್.

ನಾನು ಹೇಳುತ್ತಿರುವ ಪಂಚಮಿಗೆ ನಮ್ಮನ್ನು ಕರೆಯಲು ಬಂದದ್ದು ಸಣ್ಣಮಾವ. ಊರು ಮುಟ್ಟಿ ಮನೆಗೆ ಬಂದರೆ ಅಂಗಳದಲ್ಲಿ ಕಟ್ಟಡದ ಕಲ್ಲಿನ ರಾಶಿ, ಪಡಸಾಲೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಿಳಿ ದಾರ. ಹಬ್ಬ ಮುಗಿದ ಕೂಡಲೇ ನಡುವೆ ಗೋಡೆ ಏಳುವುದಿತ್ತು. ದಾರ ಚೌಕಾಬಾರದ ನಟ್ಟನಡುವಿನ ಮನೆಯ ಮೇಲೇ ಹಾದುಹೋಗಿತ್ತು. ಅವ್ವ ದಾರವನ್ನು ದಾಟಲಿಲ್ಲ, ಬಗ್ಗಿ ಅದರ ಕೆಳಗಿನಿಂದಲೂ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು, "ನಾ ಯಾವ ಕಡಿ ಕುಂದರಬೇಕು?" ಎಂದು ಕೇಳಿದಳು. ಆಯಿ ಎದ್ದು ಬಂದು ದಾರವನ್ನು ಬಿಚ್ಚಿ ಗೂಟಕ್ಕೆ ಸುತ್ತಿಟ್ಟಳು, ಹಬ್ಬ ಮುಗಿಯುವವರೆಗೆ ಎಂಬ ಕರಾರಿನ ಮೇಲೆ.

ಮರುದಿನ ಹಾಲೆರೆಯುವಾಗ ನನಗೆ ಮೊದಲ ಸಲ ಹೆದರಿಕೆಯಾಯಿತು. ನಾಗಪ್ಪನಿಗೆ ಹಾಲು ಹಾಕುತ್ತ ನಾವು ಮನೆಯವರನ್ನೆಲ್ಲ ನೆನೆಯುತ್ತೇವೆ, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು ಎಂದು. ಸಣ್ಣಮಾವ ಎಲ್ಲರ ಪಾಲು ಎರೆದು, ಅಣ್ಣನ ಪಾಲು ಬಂದಾಗ ಬಟ್ಟಲನ್ನು ಕೆಳಗಿಟ್ಟುಬಿಟ್ಟ. ದೊಡ್ಡಮಾವನೂ ತಮ್ಮನ ಪಾಲನ್ನು ಹೇಳದೆ ನುಂಗಿಕೊಂಡ. ಅವ್ವ ಇಬ್ಬರ ಪಾಲನ್ನೂ ಗಟ್ಟಿಯಾಗಿ, ಕಲ್ಲಿಗೆ ಕೇಳುವಂತೆ ಹೇಳಿ ಎರೆದಳು.

ಊಟವಾದ ಮೇಲೆ ಅವ್ವ ಹುಣಸೆ ಬೀಜಗಳನ್ನು ತಂದು ಚೌಕಾಬಾರದ ಮೇಲೆ ಚೆಲ್ಲಿದಳು. "ಬರ್ರಿ. ಇಬ್ರೂ ಒಂದು ಜೋಡಿ. ನಾನು, ನಿಂಗಿ ಒಂದು ಜೋಡಿ" ಎಂದಳು. ನಿಂಗಿ ಎಂದರೆ ನಾನು.

"ಅವನ ಜೋಡಿ ನಾ ಆಡಂಗಿಲ್ಲ" ಎಂದ ದೊಡ್ಡಮಾವ, ಕಂಬದ ಕಡೆ ನೋಡುತ್ತ.

"ನಾ ಗೆದ್ದರ ಗ್ವಾಡಿ ಕಟ್ಟಂಗಿಲ್ಲ. ನೀವು ಗೆದ್ದರ ಕಟ್ಟರಿ, ಮೊದಲ ಕಲ್ಲು ನಾನೇ ಎತ್ತಿ ಕೊಡತೀನಿ. ಪಂಚಮಿಗಿ ಬಂದ ಹೆಣ್ಣುಮಗಳು ಕೇಳಾಕತ್ತೀನಿ. ಇಲ್ಲ ಅಂತೀರೇನು?"

ಹಬ್ಬಕ್ಕೆ ಬಂದ ಹೆಣ್ಣುಮಗಳ ಮಾತು ತೆಗೆದುಹಾಕುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬಂದು ಕೂತರು. ಕೂತ ಮೇಲೆ ಮುಖ ಎದುರುಬದುರಾಯಿತು, ಇಬ್ಬರೂ ಕಲ್ಲನ್ನೇ ನೋಡತೊಡಗಿದರು. ಆಯಿ ಮೊರದಲ್ಲಿ ಜೋಳದ ಅಳ್ಳು ಹಸನು ಮಾಡುತ್ತ ತೀರ್ಪುಗಾರಳ ಜಾಗದಲ್ಲಿ ಕೂತಳು. ನನ್ನ ಕೈಗೆ ಬೀಜ ಕೊಟ್ಟಾಗ ಅಂಗೈ ಎಷ್ಟು ಬೆವರಿತ್ತೆಂದರೆ ಒಂದು ಬೀಜ ಅಲ್ಲೇ ಅಂಟಿಕೊಂಡಿತು. ನಾನು ಮಹಾ ಆಟಗಾರ್ತಿಯಲ್ಲ. ಅವ್ವನ ತವರು ನನ್ನ ಅಂಗೈಯಲ್ಲಿದೆ ಎಂದು ಮಾತ್ರ ಚೆನ್ನಾಗಿ ತಿಳಿದಿತ್ತು.

ಮೊದಲು ದೊಡ್ಡಮಾವ ಹಾಕಿದ. ಈಗ ಕಾನೂನಿನಂತೆ ಜೋಡಿಯನ್ನು ಕೇಳಬೇಕು. ಅವನು ಅವ್ವನ ಕಡೆ ತಿರುಗಿ, "ಸಾಂತಾ, ಅವನಿಗಿ ಕೇಳು, ಮ್ಯಾಲಿನ ಕಾಯಿ ನಡಸಲ್ಯೋ ಕೆಳಗಿಂದೋ" ಎಂದ.

ತನ್ನ ಎದುರಾಳಿಗಳ ಸಂದೇಶವನ್ನು ತಾನೇ ಹೊರಬೇಕಾದ ಪೇಚು ಅವ್ವನದು. "ಮಲ್ಲ್ಯಾ, ಅಣ್ಣ ಕೇಳಾಕತ್ತಾನ, ಮ್ಯಾಲಿಂದೋ ಕೆಳಗಿಂದೋ?"

"ಅವಂದು ಯಾವಾಗ್ಲೂ ಮ್ಯಾಲಿಂದೇ ಅಲ್ಲೇನು? ಮ್ಯಾಲಿಂದೇ ನಡಸು ಅನ್ನಕ್ಕಾ."

ದೊಡ್ಡಮಾವನ ಕುತ್ತಿಗೆಯ ನರ ಉಬ್ಬಿತು. ಆಯಿ ಮೊರವನ್ನು ಒಂದು ಸಲ ಗಟ್ಟಿಯಾಗಿ ಕೊಡವಿದಳು. ಕಾಯಿ ನಡೆಯಿತು.

ಹೀಗೇ ಬಹಳ ಹೊತ್ತು ಸಾಗಿತು. ಒಂದೊಂದು ನಡೆಗೂ ಅವ್ವ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯ ಮಾತು ಆ ಕಡೆಗೆ ಸಾಗಿಸಬೇಕು. ಮಾತಿನ ಜೊತೆ ಮುಳ್ಳೂ ಬರುತ್ತಿತ್ತು. "ಕದ್ದು ನಡಸೋದು ರೂಢಿ ಅದ ಅವನಿಗಿ, ನೋಡಕೋ ಅನ್ನು" ಎಂದು ತಮ್ಮ. "ದಾರಿ ತನ್ನದೊಂದೇ ಅಂತ ತಿಳಕೊಂಡಾನೇನು, ಕೇಳು" ಎಂದು ಅಣ್ಣ. ಅವ್ವ ಮುಳ್ಳು ತೆಗೆದು ಬರೀ ಮಾತನ್ನು ದಾಟಿಸಲು ನೋಡುತ್ತಿದ್ದಳು, ಆದರೆ ಒಂದೇ ಕಲ್ಲಿನ ಸುತ್ತ ಕೂತವರಿಗೆ ಯಾವುದು ಕೇಳುವುದಿಲ್ಲ? ಇಂಥ ಜೋಡಿ ಗೆಲ್ಲುವುದುಂಟೇ? ನಮ್ಮ ಕಾಯಿಗಳು ಒಂದೊಂದಾಗಿ ಹಣ್ಣಾದವು. ನನಗೂ ನಾಲ್ಕರ ಚೌಕ ಬಿತ್ತು, ಎಂಟರ ಬಾರ ಬಿತ್ತು. ನನ್ನ ಕೊನೆಯ ಕಾಯಿ ಹಣ್ಣಾದಾಗ ಅವ್ವ ನನ್ನ ಬೆನ್ನ ಮೇಲೆ ಕೊಟ್ಟ ಪೆಟ್ಟು ಇನ್ನೂ ನೆನಪಿದೆ. ಉಳಿದದ್ದು ಅವ್ವನ ಒಂದೇ ಕಾಯಿ, ಒಳಸುತ್ತಿನಲ್ಲಿ, ನಡುಮನೆಗೆ ಕೂಗಳತೆಯಲ್ಲಿ. ಅವ್ವ ಆಗಲೇ ಅಂಗಳದ ಕಲ್ಲಿನ ರಾಶಿಯ ಕಡೆ ನೋಡತೊಡಗಿದ್ದಳು, ಅದನ್ನು ಯಾರಿಗೆ ಕೊಟ್ಟುಬಿಡುವುದು ಎಂಬಂತೆ.

ಬೀಜ ಸಣ್ಣಮಾವನ ಕೈಗೆ ಬಂತು. ಹಾಕಿದ. ಮೂರು.

ಮೂರಕ್ಕೆ ಅವನ ಒಂದು ಕಾಯಿ ನೆಟ್ಟಗೆ ಕಟ್ಟೆ ಸೇರಿ ಕ್ಷೇಮವಾಗುತ್ತಿತ್ತು. ಇನ್ನೊಂದು ಕಾಯಿ ನಡೆಸಿದರೆ ಸರಿಯಾಗಿ ಅವ್ವನ ಕಾಯಿಯ ಮೇಲೆ. ಅದು ಅವನಿಗೆ ಕಂಡಿರಲಿಲ್ಲ. ಅಕ್ಕನ ಮೂಲಕ ಕೇಳುವ ಮೊದಲೇ ಅವನ ಕೈ ಕಟ್ಟೆಯ ಕಡೆಯ ಕಾಯಿಗೆ ಹೋಗುತ್ತಿತ್ತು. ಅವ್ವ ಉಸಿರು ಹಿಡಿದಳು, ನಾನೂ ಹಿಡಿದೆ. ದೊಡ್ಡಮಾವನಿಗೆ ಕಂಡಿತ್ತು. ಅವನು ಅವ್ವನ ಕಡೆ ತಿರುಗಿ ಬಾಯಿ ತೆರೆದ, ಮುಚ್ಚಿದ. ಕಾಯಿ ಕಳೆದುಕೊಳ್ಳುವವಳ ಬಾಯಲ್ಲೇ ಅದನ್ನು ಹೇಳಿಸುವುದು ಹೇಗೆ? ಸಣ್ಣಮಾವನ ಬೆರಳು ಕಾಯಿಯನ್ನು ಮುಟ್ಟಿತು.

"ಲೇ ಮಲ್ಲ್ಯಾ! ಅದಲ್ಲೋ! ಆ ಕಡಿಂದು ತಗಿ, ಕಡಿಯೋ ಅಕಿನ್ನ!"

ಆಯಿಯ ಮೊರ ನಿಂತಿತು. ಸಣ್ಣಮಾವ ತಲೆಯೆತ್ತಿ ಅಣ್ಣನ ಮುಖ ನೋಡಿದ, ಸಸಿ ಸುಟ್ಟ ಮೇಲೆ ಮೊದಲ ಸಲ.

"ಕಡದರ ನಂದು ಬಯಲಿಗಿ ಬೀಳತದಲ್ಲೋ ಅಣ್ಣಾ."

"ಬೀಳಲಿ. ಹಿಂದ ನಾ ಅದೀನಲ್ಲ."

ಕಡಿದ. ಅವ್ವನ ಕಾಯಿ ನಡುಮನೆಯ ಬಾಗಿಲಿನಿಂದ ಎದ್ದು ಮೊದಲಿನ ಮನೆಗೆ ಬಂತು.

ಅವ್ವ ಬೇಕೆಂದೇ ಸೋತಳು ಎಂದು ಮುಂದೆ ನಮ್ಮ ಬಂಧುಬಳಗದಲ್ಲಿ ಕೆಲವರು ಕಥೆ ಕಟ್ಟಿದರು. ಅದನ್ನು ನಂಬಬೇಡಿ, ಪಕ್ಕದಲ್ಲಿ ಕೂತವಳು ನಾನು. ಅವ್ವ ಹಲ್ಲು ಕಚ್ಚಿ ಆಡಿದಳು. ಬೀಜಗಳನ್ನು ಮುಷ್ಟಿಯಲ್ಲಿ ಅಲುಗಿಸುತ್ತ ಮನೆದೇವರನ್ನೂ, ನಾಗಪ್ಪನನ್ನೂ, ಕೊಡೇಕಲ್ಲಿನ ಗುಡಿಯನ್ನೂ ನೆನೆದಳು. ಆದರೆ ಎದುರಿಗೆ ಈಗ ಬೇರೆಯೇ ಇಬ್ಬರು ಕೂತಿದ್ದರು. "ಅಣ್ಣಾ, ಇದನ್ನ ತಡಿ." "ತಡೀತೀನಿ, ನೀ ಅಕಡಿ ಕಟ್ಟಿ ಹಿಡಿ." "ಅಕ್ಕಗ ಎರಡು ಬಿದ್ದರ ಕೆಟ್ಟಿವಿ ನೋಡು." ಚಿಕ್ಕಂದಿನಲ್ಲಿ ಅವ್ವನನ್ನು ಸೋಲಿಸುತ್ತಿದ್ದ ಅದೇ ಕುತಂತ್ರ, ಅದೇ ಕಿಸಿಕಿಸಿ ನಗು. ಅವ್ವ ಒಮ್ಮೆ ಅಣ್ಣನ ಮುಖ, ಒಮ್ಮೆ ತಮ್ಮನ ಮುಖ ನೋಡುತ್ತಿದ್ದಳು. ಆ ಸಂತೋಷ ಸುಳ್ಳಾಗಿರಲಿಲ್ಲ. ಅದರ ಒಂದೊಂದು ಚೂರೂ ಅವಳನ್ನು ಸೋಲಿನ ಕಡೆಗೇ ತಳ್ಳುತ್ತಿತ್ತು. ಅಷ್ಟು ಹೆದರಿಕೆಯ ಆಟವನ್ನು ನಾನು ಮತ್ತೆಂದೂ ಆಡಿಲ್ಲ.

ಅವರ ಕೊನೆಯ ಕಾಯಿ ಹಣ್ಣಾಯಿತು. ದೊಡ್ಡಮಾವ ತೊಡೆ ತಟ್ಟಿದ, ಸಣ್ಣಮಾವ ಕಲ್ಲಿನ ಮೇಲಿಂದ ಹಾರಿ ಅಣ್ಣನ ಹೆಗಲಿಗೆ ಬಿದ್ದ. ಆಮೇಲೆ ಇಬ್ಬರಿಗೂ ತಾವು ಗೆದ್ದದ್ದು ಏನೆಂದು ನೆನಪಾಯಿತು. ಹೆಗಲ ಮೇಲಿನ ಕೈ ಮೆಲ್ಲಗೆ ಕೆಳಗಿಳಿಯಿತು.

ಆ ಗಳಿಗೆಯಲ್ಲಿ ಇಬ್ಬರಲ್ಲಿ ಒಬ್ಬರು "ಗ್ವಾಡಿ ಬ್ಯಾಡ ಬಿಡು" ಎಂದಿದ್ದರೆ ಸಾಕಿತ್ತು. ನಮ್ಮ ಕಡೆಯ ಗಂಡಸರು ನಿಮಗೆ ಗೊತ್ತಿಲ್ಲ. ತಾನು ಮೊದಲು ಅಂದರೆ ನೀರಿಗಾಗಿ ಮಣಿದ ಎಂದುಕೊಳ್ಳುತ್ತಾನೆ ಅಣ್ಣ ಎಂದು ತಮ್ಮನಿಗೆ. ತಾನು ಮೊದಲು ಅಂದರೆ ಒಡ್ಡು ಒಡೆದದ್ದನ್ನು ಒಪ್ಪಿಕೊಂಡ ಎಂದುಕೊಳ್ಳುತ್ತಾನೆ ತಮ್ಮ ಎಂದು ಅಣ್ಣನಿಗೆ. ಇಬ್ಬರೂ ಅವ್ವನನ್ನೇ ನೋಡಿದರು, ಅವಳಾದರೂ ಇನ್ನೊಮ್ಮೆ ಬೇಡ ಅನ್ನಲಿ ಎಂದು. ಅವ್ವ ಒಬ್ಬನಿಗೆ ತಂಗಿ, ಇನ್ನೊಬ್ಬನಿಗೆ ಅಕ್ಕ. ಅದೇ ಹೊಟ್ಟೆಯಲ್ಲಿ ಹುಟ್ಟಿದವಳು.

"ಸೋತೀನಿ. ಆಡಿದ ಮಾತು ತಪ್ಪಂಗಿಲ್ಲ" ಎಂದು ಸೆರಗು ಕೊಡವಿ ಎದ್ದಳು.

ಹಬ್ಬದ ಮರುದಿನ ಅಂಗಳದ ರಾಶಿಯಿಂದ ಮೊದಲ ಕಲ್ಲನ್ನು ಅವಳೇ ಎತ್ತಿಕೊಂಡು ಬಂದಳು. ದೊಡ್ಡಮಾವ ಒಂದು ಕಡೆಯಿಂದ, ಸಣ್ಣಮಾವ ಇನ್ನೊಂದು ಕಡೆಯಿಂದ ಅದನ್ನು ಇಸಿದುಕೊಂಡು ಗೌಂಡಿಗೆ ಕೊಟ್ಟರು. ಗೌಂಡಿ ಅದನ್ನು ಚೌಕಾಬಾರದ ನಡುಮನೆಯ ಮೇಲೆ ಕೂಡಿಸಿದ. ಆಯಿ ತಾನು ಮಲಗುವ ಹೊರಸನ್ನು ಎರಡೂ ಪಾಲಿಗೆ ಸೇರದಂತೆ ಅಂಗಳದಲ್ಲಿ ಹಾಕಿಸಿಕೊಂಡು, "ನಾ ಯಾರ ಕಡಿಗೂ ಇಲ್ಲ, ಯಾರು ಮೊದಲ ಕರೀತಾರ ಅವರ ಮನ್ಯಾಗ ಉಣ್ಣತೀನಿ" ಎಂದು ಸಾರಿದಳು. ಅಣ್ಣತಮ್ಮಂದಿರು ಸುಣ್ಣ ಕಲಸುತ್ತ, ಅದು ಇನ್ನಷ್ಟು ಗಟ್ಟಿಯಾಗಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದರು. ಗೋಡೆಯನ್ನು ಅಷ್ಟು ಅಕ್ಕರೆಯಿಂದ ಕಟ್ಟಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಒಂದೇ ರಾಗ. "ನನಗ ತವರಿಲ್ಲ" ಎಂದು ಅವ್ವ ರೊಟ್ಟಿ ಬಡಿಯುತ್ತ ಹೇಳುವಳು, ಬಟ್ಟೆ ಹಿಂಡುತ್ತ ಹೇಳುವಳು. ಅಪ್ಪ ಚೇಷ್ಟೆ ಮಾಡಲು ಹೋಗಿ ಒಂದೆರಡು ಸಲ ಬೈಸಿಕೊಂಡು ಸುಮ್ಮನಾದರು. ಊರಿನಿಂದ ಯಾರಾದರೂ ಸಂತೆಗೆ ಬಂದರೆ ಅವ್ವ ಮಳೆ ಬೆಳೆ ಕೇಳುತ್ತಿದ್ದಳೇ ಹೊರತು ಅಣ್ಣತಮ್ಮಂದಿರನ್ನು ಕೇಳುತ್ತಿರಲಿಲ್ಲ. ನಾನು ಒಮ್ಮೆ ಹುಣಸೆ ಬೀಜ ತಿಕ್ಕುತ್ತ ಕೂತಿದ್ದನ್ನು ಕಂಡು ಕಸಿದು ಒಲೆಗೆ ಹಾಕಿದಳು. ಪಂಚಮಿ ಹತ್ತಿರ ಬಂತು. ಎದುರುಮನೆಯವಳನ್ನು ಕರೆಯಲು ಸುರಪುರದಿಂದ ಅವಳ ಅಣ್ಣ ಬಂದ. ಪಕ್ಕದ ಮನೆಯವಳೂ ಹೋದಳು. ಅವ್ವ ಬಾಗಿಲು ಮುಚ್ಚಿಕೊಂಡು ಒಳಗೇ ಇದ್ದಳು. ಗೋಡೆ ಕಟ್ಟಿಕೊಂಡವರು ಈಗ ಕರೆಯಲು ಯಾರು ಹೋಗಬೇಕೆಂಬುದಕ್ಕೂ ಜಗಳ ಮಾಡಿ, ಕೊನೆಗೆ ಯಾರೂ ಬರುವುದಿಲ್ಲ ಎಂದು ಅವಳು ಲೆಕ್ಕ ಹಾಕಿದ್ದಳು. ನನಗೂ ಹಾಗೇ ಅನಿಸಿತ್ತು.

ಹಬ್ಬಕ್ಕೆ ಇನ್ನೇನು ಹೊತ್ತಿಲ್ಲ ಎನ್ನುವಾಗ ಒಂದು ಮಧ್ಯಾಹ್ನ ಬಾಗಿಲು ಬಡಿಯಿತು. ಸಣ್ಣಮಾವ, ಒಬ್ಬನೇ. ಅವ್ವ ಬಾ ಎನ್ನಲಿಲ್ಲ. ಅವನ ಹೆಗಲಾಚೆ ಓಣಿಯ ತುದಿಯವರೆಗೆ ನೋಡಿದಳು.

"ಅಣ್ಣ ಬರಲಿಲ್ಲೇನು?"

"ಇಲ್ಲಕ್ಕಾ."

ಅವ್ವನ ಮುಖ ಕಪ್ಪಿಟ್ಟಿತು. "ಮತ್ತ ಮಾತು ಬಿಟ್ಟೀರಿ. ನಾ ಬರಂಗಿಲ್ಲ, ನೀ ಹೋಗು. ಒಬ್ಬನ ಮನಿಗಿ ಬಂದು ಇನ್ನೊಬ್ಬನ ಗ್ವಾಡಿ ನೋಡಿಕೋತ ಕುಂದ್ರಾಕ ನನ್ನ ಕೈಲಾಗಂಗಿಲ್ಲ."

"ಹಂಗಲ್ಲಕ್ಕಾ. ಕೆನಾಲಿಗಿ ನೀರು ಬಿಟ್ಟಾರ. ಇವತ್ತ ನಂದು ಪಾಳಿ ಅದ."

"ನಿನ್ನ ಪಾಳಿ ಇದ್ದರ ನೀ ಯಾಕ ಇಲ್ಲಿಗಿ ಬಂದಿ? ನೀರಿನ ಹತ್ರ ಯಾರದಾರ?"

ಇದೆಂಥ ಪ್ರಶ್ನೆ ಎಂಬಂತೆ ಸಣ್ಣಮಾವ ಅವ್ವನನ್ನು ನೋಡಿದ.

"ಅಣ್ಣ ಅದಾನ" ಎಂದ. "ಮುಂಜಾನಿಂದ ನನ್ನ ಹೊಲಕ್ಕ ನೀರು ತಿರುವಾಕತ್ಯಾನ."

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತಳು. ಆಟ ಸೋತಾಗ ಅಳದವಳು, ಕಲ್ಲು ಎತ್ತಿ ಕೊಡುವಾಗ ಅಳದವಳು, ಈಗ ಓಣಿಗೆಲ್ಲ ಕೇಳುವಂತೆ ಅತ್ತಳು. ಸಣ್ಣಮಾವ ಗಾಬರಿಯಾಗಿ ನನ್ನ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಅವಳೇ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು, ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಇದನ್ನ ಬಂದ ಕೂಡಲೆ ಹೇಳಾಕ ಏನಾಗಿತ್ತೋ ನಿನಗ? ಶಹಾಪುರ ಬಸ್ಸು ಎಷ್ಟೊತ್ತಿಗಿ ಅದ, ಅದನ್ನ ಹೇಳು ಮೊದಲ."